ಚಕ್ರದ ಮನೆ, ಅಮ್ಮ ಮತ್ತು ಕೆಂಚ

ಯುರೋಪಿನಲ್ಲಿ ನಾಯಿ ಕರೆದುಕೊಂಡು ಪ್ರವಾಸ ಹೋಗೋದು ದೊಡ್ಡ ವಿಷಯವೇನಲ್ಲ. ಇಲ್ಲಿ ನಾಯಿಗೂ ಪಾಸ್‌ಪೋರ್ಟ್ ಇರುತ್ತೆ. ಕೆಫೆ ಮುಂದೆ ಕೂತರೆ ನಮಗಿಂತ ಮೊದಲು ಅದಕ್ಕೆ ನೀರಿನ ಬಟ್ಟಲು ಬರುತ್ತೆ. ಊರಿಂದ ಬಂದ ಅಮ್ಮನನ್ನ ನಾಲ್ಕು ಜಾಗ ಸುತ್ತಿಸೋದೂ ದೊಡ್ಡ ವಿಷಯವಲ್ಲ, ಇಲ್ಲಿರೋ ನಾವೆಲ್ಲ ಮಾಡೋದೇ. ಆದರೆ ನಾಯಿ, ಅಮ್ಮ, ಗಂಡ, ನಾನು ಇಷ್ಟೂ ಜನ ಏಳು ಮೀಟರ್ ಉದ್ದದ ಒಂದೇ ಗಾಡಿಯಲ್ಲಿ 22 ದಿನ ಇರ್ತೀವಿ ಅಂದಾಗ ಫ್ಯಾಮಿಲಿ ಗ್ರೂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೀಲಿಲ್ಲ. ಆಮೇಲೆ ಚಿಕ್ಕಮ್ಮ ಒಂದೇ ಸಾಲು ಬರೆದರು: "ನಿಮ್ಮಮ್ಮ ನಾಯಿನ ಅಡುಗೆಮನೆ ಹತ್ರ ಸೇರಿಸ್ತಾಳಾ?"

ಅಸಲಿ ಪ್ರಶ್ನೆ ಅದೇ ಆಗಿತ್ತು. ಮೋಟರ್‌ಹೋಮ್ ಅಂದರೆ ಚಕ್ರ ಇರೋ ಮನೆ. ಡ್ರೈವರ್ ಸೀಟಿನ ಹಿಂದೆ ಊಟದ ಟೇಬಲ್, ಅದರ ಪಕ್ಕದಲ್ಲೇ ಗ್ಯಾಸ್ ಒಲೆ, ಎದುರಿಗೆ ಫ್ರಿಜ್, ಅದಕ್ಕಂಟಿಕೊಂಡು ಟಾಯ್ಲೆಟ್, ಕೊನೆಯಲ್ಲಿ ಮಂಚ. ಅಡುಗೆಮನೆಗೆ ಬಾಗಿಲಿಲ್ಲ. ಬಾಗಿಲಿಲ್ಲದ ಅಡುಗೆಮನೆಯೇ ಇಡೀ ಮನೆ.

ಕೆಂಚ ಯಾರು

ಕೆಂಚ ನಮ್ಮ ಹಾಸನದ ಬೀದಿ ನಾಯಿ. ಒಂಬತ್ತು ವರ್ಷದ ಹಿಂದೆ ಜೋರು ಮಳೆಯಲ್ಲಿ ಚರಂಡಿ ಪಕ್ಕ ನಡುಗ್ತಾ ಕೂತಿದ್ದ ಮರಿಯನ್ನ ಅಪ್ಪ ಟವಲ್‌ನಲ್ಲಿ ಸುತ್ತಿಕೊಂಡು ಬಂದಿದ್ದರು. ಅಮ್ಮ ಒಂದೇ ಷರತ್ತು ಹಾಕಿದ್ದಳು. "ಜಗಲಿ ನಿಂದು, ಹಿತ್ತಲು ನಿಂದು. ಹೊಸ್ತಿಲು ದಾಟಂಗಿಲ್ಲ." ಅದನ್ನ ಅವನು ಅದು ಹೇಗೆ ಅರ್ಥ ಮಾಡಿಕೊಂಡನೋ, ಏಳು ವರ್ಷದಲ್ಲಿ ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ಬೆಳಿಗ್ಗೆ ಆರಕ್ಕೆ ಅಪ್ಪನ ಜೊತೆ ವಾಕಿಂಗ್, ಬಂದಮೇಲೆ ಎರಡು ಬಿಸ್ಕತ್ತು, ಮಿಕ್ಕ ದಿನವೆಲ್ಲ ಗೇಟಿನ ಕಾವಲು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪ ವಾಕಿಂಗ್ ಮುಗಿಸಿ ಬಂದು ಜಗಲಿ ಮೇಲೆ ಕೂತರು. ಅಮ್ಮ ಒಳಗೆ ಕಾಫಿ ಸೋಸ್ತಿದ್ದಳು. ಲೋಟ ಹಿಡಿದು ಆಚೆ ಬರೋದರೊಳಗೆ ಎಲ್ಲಾ ಮುಗಿದಿತ್ತು.

ಹನ್ನೊಂದನೇ ದಿನದ ಕಾರ್ಯ ಆದಮೇಲೂ ಕೆಂಚ ಬೆಳಿಗ್ಗೆ ಆರಕ್ಕೆ ಸರಿಯಾಗಿ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದ. ಬಿಸಿಲು ಬರೋವರೆಗೂ ಅಲ್ಲೇ. ಅಮ್ಮನಿಗೆ ಅದನ್ನ ನೋಡೋಕೆ ಆಗ್ತಿರಲಿಲ್ಲ. "ಇವನನ್ನ ಎಲ್ಲಾದ್ರೂ ಕಳಿಸಿ. ಇಲ್ಲಾಂದ್ರೆ ನಾನೇ ಎಲ್ಲಾದ್ರೂ ಹೋಗ್ತೀನಿ" ಅಂದಳು. ಕೋಪದಲ್ಲಿ ಹೇಳಿದ ಮಾತಲ್ಲ ಅಂತ ದನಿಯಲ್ಲೇ ಗೊತ್ತಾಯಿತು.

ಹಾಗಾಗಿ ಅವನು ಸ್ಟುಟ್‌ಗಾರ್ಟ್‌ಗೆ, ನಮ್ಮ ಮನೆಗೆ ಬಂದ. ಭಾರತದಿಂದ ಯುರೋಪಿಗೆ ನಾಯಿ ತರೋಕೆ ದುಡ್ಡಿಗಿಂತ ತಾಳ್ಮೆ ಜಾಸ್ತಿ ಬೇಕು. ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ. ಲಸಿಕೆ ಹಾಕಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ಯುರೋಪ್ ಒಪ್ಪಿರೋ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು. ರಿಪೋರ್ಟ್ ಚೆನ್ನಾಗಿ ಬಂದರೂ, ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಅಷ್ಟೂ ತಿಂಗಳು ಅವನು ಬೆಂಗಳೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದ. ಆಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ. ಇಲ್ಲಿನ ಪಶುವೈದ್ಯರು ಅವನಿಗೆ ನೀಲಿ ಬಣ್ಣದ ಯುರೋಪಿಯನ್ ಪಾಸ್‌ಪೋರ್ಟ್ ಬರೆದುಕೊಟ್ಟರು. ನನಗಿನ್ನೂ ಸಿಗದ ಪಾಸ್‌ಪೋರ್ಟ್ ಹಾಸನದ ಬೀದಿ ನಾಯಿಗೆ ಸಿಕ್ಕಿತು ಅಂತ ನನ್ನ ಗಂಡ ಈಗಲೂ ರೇಗಿಸ್ತಾನೆ.

"ಅನ್ನ ಬೆಳೆಯೋ ಊರು ತೋರಿಸು"

ಕಳೆದ ಸೆಪ್ಟೆಂಬರ್ ಕೊನೆಗೆ ಅಮ್ಮ ಬಂದಳು. ಟೂರಿಸ್ಟ್ ವೀಸಾದಲ್ಲಿ 90 ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ಜರ್ಮನಿಯ ಅಕ್ಟೋಬರ್ ಚಳಿ, ಮೋಡ. ದಕ್ಷಿಣಕ್ಕೆ ಹೋದರೆ ಬಿಸಿಲು ಸಿಗುತ್ತೆ, ಕೆಂಚನನ್ನ ಬಿಟ್ಟು ಹೋಗೋದೂ ಬೇಡ, ಹೋಟೆಲ್ ಊಟ ಅಮ್ಮನಿಗೆ ಆಗಲ್ಲ. ಮೂರಕ್ಕೂ ಒಂದೇ ಉತ್ತರ ಮೋಟರ್‌ಹೋಮ್. ಆಫ್‌ ಸೀಸನ್ ಆದ್ದರಿಂದ ಬಾಡಿಗೆ ದಿನಕ್ಕೆ 100 ಯೂರೋ ಆಸುಪಾಸಿನಲ್ಲಿ ಸಿಕ್ಕಿತು. 3.5 ಟನ್ ಒಳಗಿನ ಗಾಡಿಯಾದರೆ ಇಲ್ಲಿನ ಮಾಮೂಲಿ ಕಾರ್ ಲೈಸೆನ್ಸೇ ಸಾಕು.

ಎಲ್ಲಿಗೆ ಹೋಗೋಣ ಅಂತ ಅಮ್ಮನನ್ನ ಕೇಳಿದೆ.

"ಚರ್ಚು, ಕೋಟೆ ನೀವು ನೋಡ್ಕೊಳ್ಳಿ. ಅನ್ನ ಬೆಳೆಯೋ ಊರೇನಾದ್ರೂ ಇದ್ರೆ ತೋರಿಸು, ನೋಡ್ತೀನಿ."

ಅಮ್ಮನ ತವರು ಹೊಳೆನರಸೀಪುರದ ಕಡೆ. ಹೇಮಾವತಿ ನೀರಿನ ಗದ್ದೆಯಲ್ಲಿ ಬೆಳೆದವಳು. ಅವಳಿಗೆ ಒಂದು ಊರು ಒಳ್ಳೇದೋ ಕೆಟ್ಟದ್ದೋ ಅಂತ ಗೊತ್ತಾಗೋದು ಅಲ್ಲಿ ನೀರು ಹೇಗೆ ಹರಿಯುತ್ತೆ ಅನ್ನೋದರಿಂದ. ನನ್ನ ಗಂಡ ಎರಡು ರಾತ್ರಿ ಕೂತು ಮ್ಯಾಪ್ ನೋಡಿ ಹೇಳಿದ: "ಅತ್ತೆ, ಮೂರು ಕಡೆ ಭತ್ತ ಬೆಳೀತಾರೆ. ಫ್ರಾನ್ಸಿನ ಕಮಾರ್ಗ್, ಸ್ಪೇನಿನ ಎಬ್ರೊ ನದಿ ಮುಖಜ ಭೂಮಿ, ಅದರ ಕೆಳಗೆ ವೆಲೆನ್ಸಿಯಾ ಪಕ್ಕದ ಅಲ್ಬುಫೆರಾ. ಮೂರೂ ಸಮುದ್ರದ ದಂಡೇಲೇ, ಒಂದೇ ದಾರೀಲಿ ಸಿಗ್ತವೆ."

"ಹಂಗಾದ್ರೆ ಹೊರಡಿ" ಅಂದಳು ಅಮ್ಮ.

ಹೊರಡೋ ದಿನ ಸಾಮಾನೆಲ್ಲ ತುಂಬಿ ಆಯಿತು. ಸೋನಾಮಸೂರಿ, ತೊಗರಿಬೇಳೆ, ಸಾರಿನ ಪುಡಿ, ಕುಕ್ಕರ್, ಕೆಂಚನ ಹಾಸಿಗೆ. ಅಮ್ಮ ಒಳಗೆ ಹತ್ತಿ ಡಬ್ಬಿ ಜೋಡಿಸ್ತಿದ್ದಳು. ಕೆಂಚ ಮಾತ್ರ ಮೆಟ್ಟಿಲ ಹತ್ತಿರ ನಿಂತುಬಿಟ್ಟ. ನಾನು ಕರೆದರೂ ಬರಲಿಲ್ಲ, ಗಂಡ ಬಿಸ್ಕತ್ತು ತೋರಿಸಿದರೂ ಬರಲಿಲ್ಲ. ಅಮ್ಮನ ಮುಖ ನೋಡ್ತಾ ನಿಂತಿದ್ದ. ನಮ್ಮ ಮನೆಯಲ್ಲಿ ಸೋಫಾ ಮೇಲೆ ಮಲಗೋ ನಾಯಿ ಅದು. ಆದರೆ ಅಮ್ಮ ಇದ್ದ ಕಡೆ ಅಮ್ಮನ ಕಾನೂನು ಅಂತ ಅವನಿಗೆ ನೆನಪಿತ್ತು. ಅಮ್ಮ ಬಂದ ಮೇಲೆ ಒಂದು ವಾರ ಮನೆಯಲ್ಲೂ ಅಷ್ಟೇ, ಅಡುಗೆಮನೆ ಬಾಗಿಲ ಕಡೆ ತಲೆಯೂ ಹಾಕಿರಲಿಲ್ಲ.

ಅಮ್ಮ ಡಬ್ಬಿ ಕೆಳಗಿಟ್ಟು ಅವನನ್ನ ನೋಡಿದಳು. ಎಷ್ಟು ಹೊತ್ತು ಅಂತ ಹೇಳೋಕಾಗಲ್ಲ. ಹಿಂದೆ ಒಂದು ಕಾರು ಹಾರ್ನ್ ಮಾಡ್ತು.

"ಬಾರೋ, ಬಾ. ಸಾಕು ನಿನ್ನ ಶಿಸ್ತು."

ಒಂದೇ ನೆಗೆತಕ್ಕೆ ಒಳಗೆ ಬಂದು ಟೇಬಲ್ ಕೆಳಗೆ ಮುದುಡಿಕೊಂಡ.

ನಾಯಿ ಇದ್ದರೆ ಟೈಮ್‌ಟೇಬಲ್ ನಾಯಿಯದ್ದು

ನಾಯಿ ಜೊತೆ ಹೋಗೋ ಪ್ಲಾನ್ ಇರೋರು ಇಲ್ಲಿ ಸ್ವಲ್ಪ ಗಮನ ಕೊಡಿ.

ಎಲ್ಲಾ ಬಾಡಿಗೆ ಗಾಡಿಗೂ ನಾಯಿ ಹತ್ತಿಸೋಕೆ ಬಿಡಲ್ಲ, ಬುಕ್ ಮಾಡೋವಾಗಲೇ ಕೇಳಿ. ಬಿಟ್ಟರೂ ಕ್ಲೀನಿಂಗ್ ಚಾರ್ಜ್ ಬೇರೆ ಹಾಕ್ತಾರೆ. ಗಾಡಿ ಓಡೋವಾಗ ನಾಯಿ ಆರಾಮಾಗಿ ಓಡಾಡೋ ಹಾಗಿಲ್ಲ. ಮೈಗೆ ಪಟ್ಟಿ ಹಾಕಿ ಸೀಟ್ ಬೆಲ್ಟಿಗೆ ಸಿಕ್ಕಿಸಬೇಕು, ಇಲ್ಲಾ ಗಟ್ಟಿ ಬೋನಿನಲ್ಲಿಡಬೇಕು. ಜರ್ಮನಿಯ ಟ್ರಾಫಿಕ್ ನಿಯಮದಲ್ಲಿ ನಾಯಿಯೂ ಒಂದು ಲಗೇಜೇ. ಕಟ್ಟದೇ ಬಿಟ್ಟರೆ ದಂಡ.

ದೊಡ್ಡ ವಿಷಯ ಶಾಖ. ಹೊರಗೆ 24 ಡಿಗ್ರಿ ಹಿತವಾಗಿದ್ದರೂ, ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ದಾಟಬಹುದು. ಸ್ಪೇನಿನಲ್ಲಿ 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿರೋ ಪ್ರಾಣಿ ಕಲ್ಯಾಣ ಕಾನೂನಿನಲ್ಲಿ, ಜೀವಕ್ಕೆ ಅಪಾಯವಾಗೋ ಬಿಸಿಯಲ್ಲಿ ಪ್ರಾಣಿಯನ್ನ ಮುಚ್ಚಿದ ವಾಹನದಲ್ಲಿ ಬಿಡೋ ಹಾಗಿಲ್ಲ. ಹಾಗಾಗಿ ನಮ್ಮಲ್ಲಿ ಒಬ್ಬರು ಯಾವಾಗಲೂ ಕೆಂಚನ ಜೊತೆ ಇರಬೇಕು ಅನ್ನೋದು ಮೊದಲ ದಿನವೇ ಆದ ತೀರ್ಮಾನ.

ಇನ್ನೊಂದು ಮರಳು ನೊಣ. ಎರಡು ಮೂರು ಮಿಲಿಮೀಟರ್ ಇರೋ, ಸದ್ದಿಲ್ಲದೆ ಕಚ್ಚೋ ಪುಟ್ಟ ಹುಳ. ಮೆಡಿಟರೇನಿಯನ್ ಸುತ್ತ ಬೆಚ್ಚಗಿರೋ ತಿಂಗಳುಗಳಲ್ಲಿ ಸಂಜೆಯಿಂದ ಬೆಳಗಿನವರೆಗೆ ಓಡಾಡುತ್ತೆ. ನಾಯಿಗೆ ಲೀಶ್ಮೇನಿಯಾ ಅನ್ನೋ ಕಾಯಿಲೆ ತರುತ್ತೆ. ಬಿಹಾರದ ಕಾಲಾ ಅಜಾರ್ ಕೇಳಿದ್ದೀರಲ್ಲ, ಅದೇ ಜಾತಿ. ಕಚ್ಚಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳಾದ ಮೇಲೆ ಗೊತ್ತಾಗುತ್ತೆ. ಇದಕ್ಕೆ ಔಷಧಿ ಸವರಿದ ಕತ್ತಿನ ಬೆಲ್ಟ್ ಸಿಗುತ್ತೆ. ಅದು ಪೂರ್ತಿ ಕೆಲಸ ಮಾಡೋಕೆ ಒಂದೆರಡು ವಾರ ಬೇಕು, ಹಾಗಾಗಿ ಹೊರಡೋ ಮುಂಚೆಯೇ ಹಾಕಬೇಕು. ಜನವರಿಯಿಂದ ಏಪ್ರಿಲ್ ನಡುವೆ ಹೋಗೋದಾದರೆ ಪೈನ್ ಮರಗಳ ಕೆಳಗೆ ಸಾಲಾಗಿ ಹೋಗೋ ಕಂಬಳಿಹುಳುಗಳ ಬಗ್ಗೆಯೂ ಎಚ್ಚರ. ನಾಯಿ ಮೂಸಿದರೆ ಸಾಕು, ಅದರ ಕೂದಲು ತಾಗಿ ನಾಲಗೆ ಕೊಳೆತು ಹೋಗೋವಷ್ಟು ಅಪಾಯ.

ಇಷ್ಟೆಲ್ಲ ನೋಡಿಕೊಂಡರೆ ಉಳಿದದ್ದು ಸುಲಭ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ನೀರು ಕೊಡಿ, ನಡೆಸಿ. ನಾಯಿ ಜೊತೆ ಹೋದರೆ ನೋಡೋ ಊರುಗಳ ಲೆಕ್ಕ ಕಮ್ಮಿಯಾಗುತ್ತೆ, ನಡೆಯೋ ಬೀದಿಗಳ ಲೆಕ್ಕ ಜಾಸ್ತಿಯಾಗುತ್ತೆ.

ಕೋಟೆಯ ಹೊರಗೆ

ರೋನ್ ಕಣಿವೆಯಲ್ಲಿ ಇಳಿಯೋವಾಗ ಮಿಸ್ಟ್ರಲ್ ಗಾಳಿ ನಮ್ಮ ಗಾಡಿಯನ್ನ ಬಸ್ಸಿನ ಪಕ್ಕ ನಿಂತ ಸೈಕಲ್ ಥರ ಅಲ್ಲಾಡಿಸ್ತು. ಮೂರನೇ ದಿನ ಪೋಂ ದು ಗಾರ್ ಹತ್ತಿರ ನಿಂತೆವು. 1ನೇ ಶತಮಾನದಲ್ಲಿ ರೋಮನ್ನರು ನದಿಗೆ ಅಡ್ಡಲಾಗಿ ಕಟ್ಟಿದ, ಮೂರು ಅಂತಸ್ತಿನ ನೀರಿನ ಸೇತುವೆ. ಎತ್ತರ ಸುಮಾರು 49 ಮೀಟರ್. ಎಲ್ಲರೂ ಫೋಟೋ ತೆಗೀತಿದ್ದರೆ ಅಮ್ಮನ ಪ್ರಶ್ನೆಯೇ ಬೇರೆ. "ನೀರು ಎಷ್ಟು ದೂರದಿಂದ ಬರ್ತಿತ್ತು? ಇಳಿಜಾರು ಎಷ್ಟು?" ನಾಲೆಯ ಉದ್ದ ಸುಮಾರು 50 ಕಿಲೋಮೀಟರ್, ಒಟ್ಟು ಇಳಿಜಾರು 12–13 ಮೀಟರ್ ಅಷ್ಟೇ ಅಂತ ಗಂಡ ಓದಿ ಹೇಳಿದ. "ಆ ಕಾಲದಲ್ಲೇ! ಲೆಕ್ಕ ಹಾಕ್ದೋರಿಗೆ ಕೈ ಮುಗೀಬೇಕು" ಅಂದಳು. ಕೆಂಚ ಕಂಬವೊಂದಕ್ಕೆ ತನ್ನ ಗೌರವ ಸಲ್ಲಿಸಿದ.

ಅಲ್ಲಿಂದ ಕಮಾರ್ಗ್. ರೋನ್ ನದಿ ಸಮುದ್ರ ಸೇರೋ ಜಾಗ. ಬಿಳಿ ಕುದುರೆ, ಫ್ಲೆಮಿಂಗೊ, ಉಪ್ಪಿನ ಹೊಂಡ, ನಡುನಡುವೆ ಭತ್ತದ ಗದ್ದೆ. ಭೂಮಿಯಲ್ಲಿ ಉಪ್ಪಿನಂಶ ಜಾಸ್ತಿ. ಗದ್ದೆಗೆ ಸಿಹಿನೀರು ನಿಲ್ಲಿಸಿದರೆ ಉಪ್ಪು ಕೆಳಗಿಳಿಯುತ್ತೆ, ಆಮೇಲೆ ಬೇರೆ ಬೆಳೆಯೂ ಬರುತ್ತೆ. ಕೊಯ್ಲು ಮುಗಿದ ಗದ್ದೆಯ ಕೂಳೆ ಮೇಲೆ ಬೆಳ್ಳಕ್ಕಿಗಳು. ಅಮ್ಮ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಡೆದಳು.

ಅಲ್ಲೇ ಪಕ್ಕದ ಊರು ಏಗ್-ಮೋರ್ತ್. ಹೆಸರಿನ ಅರ್ಥ 'ಸತ್ತ ನೀರು', ಅಂದರೆ ನಿಂತ ನೀರು. ಸುತ್ತ ಮಧ್ಯಯುಗದ ಕೋಟೆ ಗೋಡೆ. 1248ರಲ್ಲಿ ಫ್ರಾನ್ಸಿನ ರಾಜ 9ನೇ ಲೂಯಿ ಧರ್ಮಯುದ್ಧಕ್ಕೆ ಹಡಗು ಹತ್ತಿದ್ದು ಇಲ್ಲಿಂದಲೇ. ಫ್ರಾನ್ಸಿನ ಬಹಳ ಊರುಗಳಲ್ಲಿ ಮೋಟರ್‌ಹೋಮ್‌ಗಳಿಗೆ ಅಂತಲೇ ಜಾಗ ಇರುತ್ತೆ. ನೀರು ತುಂಬಿಸಬಹುದು, ಟಾಯ್ಲೆಟ್ ಡಬ್ಬ ಖಾಲಿ ಮಾಡಬಹುದು, ರಾತ್ರಿ ನಿಲ್ಲಬಹುದು. ನಾವೂ ಗೋಡೆಯ ಹೊರಗೆ ಅಂಥ ಒಂದು ಜಾಗದಲ್ಲಿ ನಿಂತೆವು.

ಕೋಟೆ ಮೇಲೆ ಯಾರು ಹೋಗೋದು, ಕೆಂಚನ ಜೊತೆ ಯಾರು ಇರೋದು? "ನೀವಿಬ್ರೂ ಹೋಗ್ಬನ್ನಿ, ನಂಗೆ ಮಂಡಿನೋವು" ಅಂದಳು ಅಮ್ಮ. ಬದುವಿನ ಮೇಲೆ ಒಂದು ಮೈಲಿ ನಡೆದಾಗ ಇಲ್ಲದ ಮಂಡಿನೋವು. ನಾವು ಮಾತಾಡದೆ ಹೋದೆವು.

ಎರಡು ಗಂಟೆ ಬಿಟ್ಟು ನಾನೊಬ್ಬಳೇ ಮೊದಲು ಬಂದೆ. ಗಂಡ ಬ್ರೆಡ್ ತರೋಕೆ ಹಿಂದೆ ಉಳಿದಿದ್ದ. ಗಾಡಿಯ ಕಿಟಕಿ ಅರ್ಧ ತೆರೆದಿತ್ತು. ಒಳಗೆ ಅಮ್ಮನ ಮಾತು ಕೇಳಿಸ್ತು. ಚಿಕ್ಕಮ್ಮನ ಜೊತೆ ಫೋನಿನಲ್ಲಿರಬೇಕು ಅಂದುಕೊಳ್ಳೋಷ್ಟರಲ್ಲಿ ಮಾತು ಸ್ಪಷ್ಟವಾಯಿತು.

"ಅವತ್ತು ಬೆಳಿಗ್ಗೆ ನಿನ್ನ ಜೊತೇನೇ ತಾನೇ ಹೋಗಿದ್ದು? ಏನಾದ್ರೂ ಅಂದ್ರೇನೋ? ಎದೆ ಹಿಡ್ಕೊಂಡ್ರಾ? ಎಲ್ಲಾದ್ರೂ ಕೂತ್ರಾ? ನನ್ನ ಹತ್ರ ಹೇಳೋ. ನಾನು ಯಾರಿಗೂ ಹೇಳಲ್ಲ."

ಸ್ವಲ್ಪ ಹೊತ್ತು ಬೀನ್ಸ್ ಮುರಿಯೋ ಸದ್ದು ಮಾತ್ರ.

"ನಿಂಗೊಬ್ಬನಿಗೇ ಗೊತ್ತಿರೋದು. ಅದಕ್ಕೇ ಕಣೋ ನಿನ್ನ ಮುಖ ನೋಡೋಕಾಗ್ತಿರಲಿಲ್ಲ ನಂಗೆ."

ನಾನು ಬಾಗಿಲು ತೆಗೀಲಿಲ್ಲ. ಹಿಂದೆ ಹೋಗಿ ಗಂಡ ಬರೋವರೆಗೂ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ನಾಯಿಯನ್ನ ಯಾಕೆ ಕಳಿಸಿದಳು ಅನ್ನೋದಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಒಂದೊಂದು ಕಾರಣ ಹೇಳಿದ್ದರು. ವಯಸ್ಸು, ಕೆಲಸ, ಮಡಿ. ಅಮ್ಮ ಯಾವುದನ್ನೂ ತಿದ್ದಿರಲಿಲ್ಲ. ಮೈಲಿಗೆ ಆಗುತ್ತೆ ಅಂತ ಜನ ಅಂದುಕೊಳ್ಳೋದೇ ಅವಳಿಗೆ ಸುಲಭವಾಗಿತ್ತೇನೋ.

ನಾಲೆ ಏರಿ ಮೇಲೆ

ಸ್ಪೇನಿನ ಗಡಿ ದಾಟಿ ಬಾರ್ಸಿಲೋನಾ ಒಳಗೆ ಹೋಗದೆ ಸೀದಾ ಎಬ್ರೊ ಕಡೆ ನಡೆದೆವು. ಕಡಲೊಳಗೆ ಚಾಚಿದ ಚಪ್ಪಟೆ ನೆಲ, ಎಲ್ಲಿ ನೋಡಿದರೂ ಗದ್ದೆ, ಗದ್ದೆ ಮಧ್ಯೆ ಗೆರೆ ಎಳೆದ ಹಾಗೆ ನಾಲೆ. ಕೊಯ್ಲಾದ ಗದ್ದೆಗಳಿಗೆ ಮತ್ತೆ ನೀರು ಬಿಟ್ಟಿದ್ದರು, ಹಕ್ಕಿಗಳಿಗೆ ಅದೇ ಹಬ್ಬ. ಒಂದು ಕ್ಯಾಂಪಿಂಗ್‌ನಲ್ಲಿ ಐದು ದಿನ ಉಳಿದೆವು. ಸ್ಪೇನಿನಲ್ಲಿ ಒಂದು ತಮಾಷೆ ನಿಯಮ: ಗಾಡಿ ನಿಲ್ಲಿಸಿ ಒಳಗೆ ಮಲಗಿದರೆ ಅದು ಪಾರ್ಕಿಂಗ್, ಹೊರಗೆ ಕುರ್ಚಿ ಹಾಕಿದರೆ ಕ್ಯಾಂಪಿಂಗ್. ಕ್ಯಾಂಪಿಂಗಿಗೆ ಅದರದ್ದೇ ಜಾಗ ಬೇಕು. ಅಮ್ಮನಿಗೆ ಕುರ್ಚಿ ಬೇಕಿತ್ತು.

ಅಲ್ಲಿ ಕೆಂಚ ಫೇಮಸ್ ಆಗಿಬಿಟ್ಟ. ಕಂದು ಮೈ, ನೆಟ್ಟಗಿನ ಕಿವಿ, ಸಣ್ಣ ಸೊಂಟ ನೋಡಿ ಎಲ್ಲರದ್ದೂ ಒಂದೇ ಪ್ರಶ್ನೆ: "ಪೊದೆಂಕೊ?" ಪೊದೆಂಕೊ ಅಂದರೆ ಅಲ್ಲಿನ ಬೇಟೆ ನಾಯಿ, ನಮ್ಮ ನಾಡ ನಾಯಿ ಥರಾನೇ ಕಾಣುತ್ತೆ. ಬೇಟೆ ಸೀಸನ್ ಮುಗಿದ ಮೇಲೆ ಕೆಲಸಕ್ಕೆ ಬಾರದ ಎಷ್ಟೋ ಪೊದೆಂಕೊಗಳನ್ನ, ಗಾಲ್ಗೊ ಅನ್ನೋ ಬೇಟೆ ನಾಯಿಗಳನ್ನ ಬಿಟ್ಟು ಹೋಗ್ತಾರಂತೆ. ಆ 2023ರ ಕಾನೂನಿನ ರಕ್ಷಣೆಯಿಂದ ಬೇಟೆ ನಾಯಿಗಳನ್ನ ಹೊರಗಿಟ್ಟಿದ್ದಾರೆ. ಪಕ್ಕದ ಗಾಡಿಯ ಅಜ್ಜಿಯೊಬ್ಬರ ಹತ್ತಿರವೂ ಅಂಥದ್ದೇ ಒಂದು ಬಿಟ್ಟುಹೋದ ನಾಯಿ ಇತ್ತು. ಅವರು ಸ್ಪ್ಯಾನಿಷ್‌ನಲ್ಲಿ ಕೇಳೋರು, ಅಮ್ಮ ಕನ್ನಡದಲ್ಲಿ ಉತ್ತರ ಕೊಡೋಳು. "ಪೊದೆಂಕೊ ಅಲ್ಲ ಕಣ್ರೀ, ಹಾಸನ." ಎರಡನೇ ದಿನಕ್ಕೆ ಅಜ್ಜಿ ಅವನನ್ನ "ಅಸಾನ್, ಅಸಾನ್" ಅಂತ ಕರೆಯೋಕೆ ಶುರು ಮಾಡಿದರು.

ಸ್ಪೇನಿನಲ್ಲಿ ಅಕ್ಟೋಬರಿನಲ್ಲಿ ಸೂರ್ಯ ಏಳೋದೇ ಎಂಟು ಗಂಟೆಗೆ. ಅಮ್ಮನಿಗೆ ಮಾತ್ರ ಹಾಸನದ ಟೈಮಿಗೆ ಎಚ್ಚರ. ಮೂರನೇ ದಿನ ಬೆಳಕು ಹರೀತಿದ್ದ ಹಾಗೆ ಲೀಶ್ ಹಿಡಿದು "ನಾನೇ ಇವನನ್ನ ಒಂದು ಸುತ್ತು ಹಾಕಿಸ್ಕೊಂಡ್ ಬರ್ತೀನಿ" ಅಂದಳು. ಮದುವೆಯಾದಾಗಿಂದ ನಾನು ನೋಡಿದ ಹಾಗೆ ಅವಳು ನಾಯಿ ಹಗ್ಗ ಮುಟ್ಟಿದ್ದು ಅದೇ ಮೊದಲು. ನಾನೂ ಸ್ವೆಟರ್ ಹಾಕಿಕೊಂಡು ಹಿಂದೆ ಹೋದೆ.

ನಾಲೆ ಏರಿ ನೆಟ್ಟಗೆ, ಖಾಲಿ. ಒಂದಿನ್ನೂರು ಹೆಜ್ಜೆ ನಡೆದ ಮೇಲೆ ಕೆಂಚ ನಿಂತು ಕೂತ. ಅಮ್ಮನೂ ನಿಂತಳು. ಒಂದು ನಿಮಿಷ ಬಿಟ್ಟು ಅವನೇ ಎದ್ದ. ಮತ್ತೆ ಇನ್ನೂರು ಹೆಜ್ಜೆ, ಮತ್ತೆ ಕೂತ.

"ಇವನು ಯಾವಾಗ್ಲೂ ಹಿಂಗೇನಾ?"

ಹೌದು ಅಂದೆ. ಸ್ಟುಟ್‌ಗಾರ್ಟ್‌ನಲ್ಲೂ ಬೆಳಗಿನ ವಾಕಿಂಗಿನಲ್ಲಿ ಹಾಗೇ ಮಾಡ್ತಾನೆ. ಡಾಕ್ಟರ್ ಕಾಲು, ಸೊಂಟ, ಹೃದಯ ಎಲ್ಲಾ ನೋಡಿ ಏನೂ ತೊಂದರೆ ಇಲ್ಲ ಅಂದಿದ್ದರು. ಪಾರ್ಕಿನಲ್ಲಿ ಬೇರೆ ನಾಯಿಗಳ ಜೊತೆ ಬಿಟ್ಟರೆ ಅರ್ಧ ಗಂಟೆ ನಿಲ್ಲದೆ ಓಡ್ತಾನೆ.

ನಾಲ್ಕನೇ ಸಲ ಕೂತಾಗ ಅಮ್ಮ ಬಗ್ಗಿ ಅವನ ಬಾಯಿ ನೋಡಿದಳು.

"ಇದು ಸುಸ್ತಲ್ಲ ಕಣೇ. ನಾಲಗೆ ಹೊರಗಿಲ್ಲ, ತೇಕ್ತಾ ಇಲ್ಲ. ಇವನು ಕಾಯ್ತಿದಾನೆ."

"ಯಾರಿಗೆ?"

"ಪಕ್ಕದಲ್ಲಿರೋರಿಗೆ."

ಅಲ್ಲೇ ತೂಬಿನ ಕಟ್ಟೆ ಮೇಲೆ ಕೂತುಬಿಟ್ಟಳು. ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಕೊನೆಯ ಕೆಲವು ತಿಂಗಳು ಅಪ್ಪನ ಅರ್ಧ ಗಂಟೆಯ ವಾಕಿಂಗ್ ಒಂದು ಗಂಟೆಗೆ ಬಂದಿತ್ತು. ಕೇಳಿದರೆ "ನಂದಿನಿ ಬೂತ್ ಹತ್ರ ಮಾತಾಡ್ತಾ ನಿಂತೆ" ಅನ್ನೋರು. ಮಾತುಗಾರ ಮನುಷ್ಯ, ಯಾರಿಗೂ ಅನುಮಾನ ಬರೋ ಹಾಗಿರಲಿಲ್ಲ.

"ಎಷ್ಟು ದಿನದಿಂದ ಹಿಂಗೆ ಕೂತ್ಕೊಂಡು ಕೂತ್ಕೊಂಡು ನಡೀತಿದ್ರೋ" ಅಂದಳು ಅಮ್ಮ. "ನಾಯಿ ಅಭ್ಯಾಸ ಮಾಡ್ಕೊಂಡಿದೆ ಅಂದ್ರೆ ಒಂದೆರಡು ದಿನದ್ದಲ್ಲ ಇದು. ನನ್ನ ಹತ್ರ ಬಾಯಿ ಬಿಡ್ಲಿಲ್ಲ. ನಾಯಿ ಹತ್ರ ಕೂತ್ಕೊಂಡ್ರು."

ಅಳಲಿಲ್ಲ. ಕೋಪ ಬಂದಿತ್ತು. ಎರಡು ವರ್ಷದಲ್ಲಿ ಅಪ್ಪನ ಮೇಲೆ ಅವಳು ಕೋಪ ಮಾಡಿಕೊಂಡಿದ್ದನ್ನ ನಾನು ಅವತ್ತೇ ನೋಡಿದ್ದು. "ಹೇಳಿದ್ರೆ ಏನಾಗ್ತಿತ್ತು? ಬೆಂಗಳೂರಿಗೆ ಕರ್ಕೊಂಡ್ ಹೋಗ್ತಿದ್ವಿ, ಸ್ಟೆಂಟ್ ಹಾಕಿಸ್ತಿದ್ವಿ, ಇವತ್ತು ಇಲ್ಲಿ ಕೂತಿರೋರು. ದೊಡ್ಡ ಮನುಷ್ಯರು!" ನಾಲೆ ನೀರಿಗೆ ಒಂದು ಕಲ್ಲು ಎಸೆದಳು. ಕೆಂಚ ಅವಳ ಪಾದದ ಮೇಲೆ ಗದ್ದ ಇಟ್ಟು ಕೂತಿದ್ದ. ಅವಳು ಕಾಲು ಎಳೆದುಕೊಳ್ಳಲಿಲ್ಲ.

ಕೆಂಚ ಕೂರೋದಕ್ಕೆ ಅದೇ ಕಾರಣ ಅಂತ ಯಾವ ಡಾಕ್ಟರೂ ಬರೆದುಕೊಡಲ್ಲ. ಆದರೆ ನಾಯಿ ಸಾಕಿದವರಿಗೆ ಗೊತ್ತು, ಜೊತೆಗಾರ ಎಲ್ಲಿ ನಿಲ್ತಾನೋ ಅದೂ ಅಲ್ಲೇ ನಿಲ್ಲೋದನ್ನ ಕಲಿಯುತ್ತೆ. ಅಮ್ಮ ಕೇಳಿದ ಪ್ರಶ್ನೆಗೆ ಅವನ ಹತ್ತಿರ ಇದ್ದ ಉತ್ತರ ಅದೊಂದೇ.

ವೆಲೆನ್ಸಿಯಾದ ಅನ್ನ

ಮುಂದಿನ ಎರಡು ದಿನ ಅಮ್ಮ ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಲೀಶ್ ಮಾತ್ರ ತಾನೇ ತಗೊಳ್ಳೋಳು. ನಾನು ಜೊತೆಗೆ ಹೋಗಲಿಲ್ಲ. ಎಷ್ಟು ಹೊತ್ತಿಗೆ ಬರ್ತೀಯ ಅಂತ ಗಂಡನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಒಂದೂಕಾಲು ಗಂಟೆ ಬಿಟ್ಟು ಬಂದರು ಇಬ್ಬರೂ.

ಕೊನೆಯ ಜಾಗ ಅಲ್ಬುಫೆರಾ. ವೆಲೆನ್ಸಿಯಾದಿಂದ ಸುಮಾರು 10 ಕಿಲೋಮೀಟರ್ ದಕ್ಷಿಣಕ್ಕಿರೋ ದೊಡ್ಡ ಕೆರೆ. ಹೆಸರು ಅರಬ್ಬಿಯಿಂದ ಬಂದದ್ದು, 'ಪುಟ್ಟ ಕಡಲು' ಅಂತ ಅರ್ಥ. ಅಕ್ಕಿಗೆ ಸ್ಪ್ಯಾನಿಷ್‌ನಲ್ಲಿ 'ಅರೋಸ್' ಅನ್ನೋದೂ ಅರಬ್ಬಿ ಮೂಲದ್ದೇ. ಇಲ್ಲಿಗೆ ಭತ್ತದ ಬೇಸಾಯ ತಂದವರು ಅವರು. ಜಗತ್ತಿಗೆಲ್ಲ ಗೊತ್ತಿರೋ ಪಾಯೆಲ್ಲಾ ಹುಟ್ಟಿದ್ದು ಈ ಗದ್ದೆಗಳ ಸುತ್ತಲಿನ ಮನೆಗಳಲ್ಲಿ.

ಅಮ್ಮ ಅಲ್ಲಿನ ಬೊಂಬಾ ಅಕ್ಕಿ ಒಂದು ಕಿಲೋ ಕೊಂಡಳು. ಗುಂಡಗೆ, ಗಿಡ್ಡ ಕಾಳು. ನೀರು ತುಂಬಾ ಕುಡಿಯುತ್ತೆ, ಆದರೂ ಕಾಳು ಒಡೆಯಲ್ಲ. ಕ್ಯಾಂಪಿಂಗ್‌ನಲ್ಲಿ ಕರೆಂಟ್ 6 ಆಂಪಿಯರ್, ಹೀಟರ್ ಜೊತೆ ರೈಸ್ ಕುಕ್ಕರ್ ಹಾಕಿದರೆ ಫ್ಯೂಸ್ ಹೋಗುತ್ತೆ. ಗ್ಯಾಸ್ ಮೇಲೆ ಸೀಟಿ ಕುಕ್ಕರೇ ಇಟ್ಟಳು. ಮೊದಲ ಸೀಟಿಗೆ ಅಕ್ಕಪಕ್ಕದ ಗಾಡಿಯವರು ಏನೋ ಸಿಡೀತು ಅಂತ ಆಚೆ ಬಂದರು. ಮೂರನೇ ಸೀಟಿಗೆ ಇಬ್ಬರು ತಟ್ಟೆ ಹಿಡಿದು ನಿಂತಿದ್ದರು. ಸಾರು, ಅನ್ನ, ಬೀನ್ಸ್ ಪಲ್ಯ.

ಬಡಿಸೋ ಮುಂಚೆ ಅಮ್ಮ ಒಂದು ಹಿಡಿ ಅನ್ನ ಆರಿಸಿ, ಮೊಸರು ಕಲೆಸಿ ಕೆಂಚನ ತಟ್ಟೆಗೆ ಹಾಕಿದಳು. ತಟ್ಟೆಯನ್ನ ಹೊರಗೆ ಇಡಲಿಲ್ಲ. ಒಲೆ ಪಕ್ಕದಲ್ಲೇ, ತನ್ನ ಕಾಲ ಹತ್ತಿರ ಇಟ್ಟಳು. ನಾನು ಗಂಡನ ಮುಖ ನೋಡಿದೆ. ಅವನು ತಟ್ಟೆ ನೋಡ್ತಾ ಕೂತ. ಗ್ರೂಪಿಗೆ ಫೋಟೋ ಹಾಕೋಣ ಅನ್ನಿಸಿತು, ಹಾಕಲಿಲ್ಲ.

ವಾಪಸ್ ಬರೋವಾಗ ಅಮ್ಮ ಅಪ್ಪನ ಬಗ್ಗೆ ಮಾತಾಡೋಕೆ ಶುರು ಮಾಡಿದಳು. ಮದುವೆಯಾದ ಹೊಸತರಲ್ಲಿ ಅವರು ಹಲ್ಲುನೋವನ್ನೂ ಹೀಗೇ ಮುಚ್ಚಿಟ್ಟು ಕೆನ್ನೆ ಊದಿಸಿಕೊಂಡಿದ್ದು, ಸ್ಕೂಟರಿಂದ ಬಿದ್ದು "ಗೋಡೆ ತಗುಲ್ತು" ಅಂದಿದ್ದು. ಹೇಳ್ತಾ ಹೇಳ್ತಾ ನಗೋಳು, ಮಧ್ಯೆ ಬೈಯೋಳು. ಲಿಯಾನ್ ದಾಟೋವರೆಗೂ ಅಪ್ಪ ನಮ್ಮ ಗಾಡಿಯಲ್ಲೇ ಇದ್ದರು. ಒಟ್ಟು ಸುಮಾರು 3,400 ಕಿಲೋಮೀಟರ್ ಆಗಿತ್ತು.

ಈಗ

ಡಿಸೆಂಬರಿನಲ್ಲಿ ವೀಸಾ ಮುಗಿಯೋ ಮುಂಚೆ ಅಮ್ಮ ಊರಿಗೆ ಹೋದಳು. ಕೆಂಚನನ್ನ ವಾಪಸ್ ಕಳಿಸಲಾ ಅಂತ ಕೇಳಿದೆ. "ಈ ವಯಸ್ಸಲ್ಲಿ ಅಷ್ಟು ಹೊತ್ತು ವಿಮಾನದ ಡಿಕ್ಕೀಲಿ ಕೂರಿಸ್ಬೇಡ. ಅಲ್ಲೇ ಇರ್ಲಿ, ನಾನೇ ಬರ್ತೀನಿ" ಅಂದಳು. ಬರೋ ವರ್ಷ ಪೋರ್ಚುಗಲ್ ಕಡೆ ಹೋಗೋಣ, ಅಲ್ಲೂ ಗದ್ದೆ ಇದೆಯಂತೆ ಅಂತ ಅಳಿಯನ ಹತ್ತಿರ ಆಗಲೇ ಮಾತಾಗಿದೆ.

ಊರಿಗೆ ಹೋದ ವಾರದಲ್ಲೇ, ಯಾರೂ ಹೇಳದೆ, ತಾನೇ ಹೋಗಿ ಬಿಪಿ, ಶುಗರ್, ಇಸಿಜಿ, ಎಕೋ ಎಲ್ಲಾ ಮಾಡಿಸಿಕೊಂಡು ಬಂದಳು. ರಿಪೋರ್ಟ್ ಫೋಟೋ ತೆಗೆದು ನನಗೂ ಅಣ್ಣನಿಗೂ ಕಳಿಸಿದಳು. ಕೆಳಗೆ ಒಂದು ವಾಯ್ಸ್ ಮೆಸೇಜ್: "ಬಿಪಿ ಸ್ವಲ್ಪ ಜಾಸ್ತಿ ಇದೆ, ಮಾತ್ರೆ ಶುರು ಮಾಡಿದೀನಿ. ನಿಮ್ಮಪ್ಪನ ಥರ ಮುಚ್ಚಿಡಲ್ಲ ನಾನು."

ನಮ್ಮ ಥರ ದೂರದಲ್ಲಿರೋರೆಲ್ಲ ಫೋನ್ ಮಾಡಿದಾಗ ಕೇಳೋದು ಒಂದೇ, "ಆರಾಮಾ?" ಅವರು ಹೇಳೋದೂ ಒಂದೇ, "ಆರಾಮು." ಈ ಸಲ ಸ್ವಲ್ಪ ಬೇರೆ ಥರ ಕೇಳಿ. ವಾಕಿಂಗಿಗೆ ಹೋಗಿದ್ರಾ, ಎಷ್ಟು ಹೊತ್ತಾಯ್ತು, ಮೊದಲಿಗಿಂತ ಜಾಸ್ತಿ ಹೊತ್ತು ಹಿಡೀತಾ, ಮಧ್ಯೆ ಎಲ್ಲಾದ್ರೂ ಕೂತ್ರಾ? ಉತ್ತರ ಬರೋದು ಒಂದು ಕ್ಷಣ ತಡವಾದರೆ, ಆ ವಾರವೇ ಒಂದು ಇಸಿಜಿ ಮಾಡಿಸಿ.